ಫೋನ್ ಬದಲಾದಾಗ ನಂಬರುಗಳು ಎಲ್ಲಿಗೆ ಹೋಗುತ್ತವೆ

ಈ ಮಾಲಿಕೆಗೆ ಬರುವ ಪತ್ರಗಳಲ್ಲಿ ಒಂದು ಆತಂಕ ಮತ್ತೆ ಮತ್ತೆ ಕಾಣುತ್ತದೆ. ಹೊಸ ಫೋನಿಗೋ ಹೊಸ ಮೇಲ್ ಖಾತೆಗೋ ಹೋದರೆ, ಇಷ್ಟು ವರ್ಷ ಕೂಡಿಟ್ಟ ನಂಬರುಗಳು ಉಳಿಯುತ್ತವೆಯೇ? ಉಳಿಯುತ್ತವೆ. ಸಾಗಿಸುವಾಗ ಅವು ಕಳೆದುಹೋಗುವುದು ಅಪರೂಪ. ಸಾಗಿಸಿದ ಮೇಲೆ, ಹಳೆಯದನ್ನು ಚೊಕ್ಕ ಮಾಡುವ ಉಮೇದಿನಲ್ಲಿ ಕಳೆದುಹೋಗುತ್ತವೆ.

ಹೇಗೆ ಅಂದರೆ, ಹಳೇ ಫೋನನ್ನು ಮಾರುವ ಮುಂಚೆ ಕೆಲವರು ಅದರಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಅಳಿಸುತ್ತಾ ಕೂರುತ್ತಾರೆ. ಅಪರಿಚಿತರ ಕೈಗೆ ಸಿಗಬಾರದು ಎಂಬ ಒಳ್ಳೆಯ ಉದ್ದೇಶವೇ. ಅಳಿಸಿ ಮುಗಿಸಿ ಹೊಸ ಫೋನ್ ತೆಗೆದರೆ ಅದೂ ಖಾಲಿ! ಯಾಕೆಂದರೆ ಎರಡೂ ಫೋನುಗಳು ಒಂದೇ ಖಾತೆಗೆ ಸಿಂಕ್ ಆಗಿರುತ್ತವೆ. ಒಂದು ಬಾವಿಗೆ ಎರಡು ರಾಟೆ ಹಾಕಿದ ಮಾತ್ರಕ್ಕೆ ಎರಡು ಬಾವಿ ಆಗುವುದಿಲ್ಲ. ಈ ಫೋನಿನಲ್ಲಿ ಅಳಿಸಿದ್ದು ಖಾತೆಯಲ್ಲಿ ಅಳಿಯುತ್ತದೆ, ಖಾತೆಯಲ್ಲಿ ಅಳಿದದ್ದು ಆ ಫೋನಿನಲ್ಲೂ ಅಳಿಯುತ್ತದೆ. ‘ಸಿಂಕ್ ಆನ್ ಇದೆ ಸಾರ್, ಬ್ಯಾಕಪ್ ಇದ್ದೇ ಇದೆ’ ಎನ್ನುವವರನ್ನು ಕಂಡರೆ ನನಗೆ ತಾಳ್ಮೆ ತಪ್ಪುತ್ತದೆ. ಅದು ಬ್ಯಾಕಪ್ ಅಲ್ಲ. ನೀವು ಮಾಡಿದ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಎಲ್ಲ ಕಡೆ ಮುಟ್ಟಿಸುವ ವ್ಯವಸ್ಥೆ ಅದು.

ನನ್ನ ಅತ್ತಿಗೆಗೆ ಹೀಗೇ ಆಯಿತು. ಗೂಗಲ್ ಖಾತೆಯಲ್ಲಿ ಅಳಿಸಿದ ಹೆಸರು 30 ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ. ಅಷ್ಟರೊಳಗೆ ಹೇಳಿದ್ದರೆ ಎಲ್ಲವನ್ನೂ ವಾಪಸು ತರಬಹುದಿತ್ತು. ನನ್ನ ಕಿವಿಗೆ ಬೀಳುವ ಹೊತ್ತಿಗೆ ಗಡುವು ಮುಗಿದಿತ್ತು. ನಿವೃತ್ತರಾದ ಸಹೋದ್ಯೋಗಿಗಳ ನಂಬರುಗಳನ್ನು ಅವರು ಒಂದು ಮದುವೆ ಮನೆಯಲ್ಲಿ ಒಬ್ಬೊಬ್ಬರ ಪಕ್ಕ ಕೂತು ಬರೆದುಕೊಂಡರು. ಮದುವೆಗೆ ಬಾರದವರ ನಂಬರು ಹೋದದ್ದು ಹೋಯಿತು.

ಸರಿಯಾದ ದಾರಿ ಇದು. ಹಳೇ ಫೋನಿನಲ್ಲಿ ಒಂದು ಹೆಸರನ್ನೂ ಅಳಿಸಬೇಡಿ. ಮೊದಲು ಖಾತೆಯನ್ನೇ ಆ ಫೋನಿನಿಂದ ತೆಗೆಯಿರಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ರೀಸೆಟ್ ಖಾಲಿ ಮಾಡುವುದು ಫೋನನ್ನು, ಖಾತೆಯನ್ನಲ್ಲ. ಇದನ್ನು ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ಜನ ಹೆದರುವುದು ಇಲ್ಲೇ ತಿರುಗುಮುರುಗಾಗಿ: ಕೈಯಾರೆ ಅಳಿಸಿದರೆ ಎಲ್ಲ ಕಡೆ ಹೋಗುತ್ತದೆ, ಖಾತೆ ತೆಗೆದು ರೀಸೆಟ್ ಮಾಡಿದರೆ ಆ ಫೋನಿನಲ್ಲಿ ಮಾತ್ರ ಹೋಗುತ್ತದೆ.

ಒಂದು ಎಚ್ಚರ ಬೇಕು. ಎಲ್ಲ ನಂಬರುಗಳೂ ಖಾತೆಯಲ್ಲೇ ಇರುತ್ತವೆ ಎಂಬ ಭರವಸೆ ಇಲ್ಲ. ಕೆಲವು ಫೋನಿನ ಮೆಮೊರಿಯಲ್ಲಿ, ಕೆಲವು ಸಿಮ್ಮಿನಲ್ಲಿ ಕೂತಿರುತ್ತವೆ. ಕಂಪ್ಯೂಟರಿನಲ್ಲಿ ಖಾತೆಗೆ ಲಾಗಿನ್ ಆಗಿ ಅಲ್ಲಿ ಎಷ್ಟು ಹೆಸರಿವೆ ನೋಡಿ. ಫೋನಿಗಿಂತ ಕಡಿಮೆ ಇದ್ದರೆ ಉಳಿದವನ್ನು ಖಾತೆಗೆ ಸೇರಿಸುವ ತನಕ ರೀಸೆಟ್ ಮುಟ್ಟಬೇಡಿ. ‘ಸಿಮ್ಮಿಗೆ ಹಾಕಿದರೆ ಭದ್ರ’ ಎಂಬುದು ಹಳೇ ಕಾಲದ ಮಾತು. ಸಿಮ್ಮಿನಲ್ಲಿ ಹಿಡಿಯುವುದು ಸಾಮಾನ್ಯವಾಗಿ 250ರ ಆಸುಪಾಸು, ಕನ್ನಡದಲ್ಲಿ ಬರೆದ ಉದ್ದನೆಯ ಹೆಸರಿಗಂತೂ ಬಾಲ ಉಳಿಯುವುದಿಲ್ಲ.

ನಿಜವಾದ ನಕಲು ಬೇಕೆಂದರೆ ಎಕ್ಸ್‌ಪೋರ್ಟ್ ಮಾಡಿ, ವಿಸಿಎಫ್ ಕಡತವನ್ನೇ ಆರಿಸಿ, ಪೆನ್‌ಡ್ರೈವಿನಲ್ಲಿಡಿ. ಗೂಗಲ್, ಆಪಲ್ ಎರಡೂ ಇದನ್ನು ಓದುತ್ತವೆ. ಸಿಎಸ್‌ವಿ ಕಡತ ಇಳಿಸಿಕೊಂಡು ‘ಸ್ವಲ್ಪ ತಿದ್ದೋಣ’ ಎಂದು ಎಕ್ಸೆಲ್‌ನಲ್ಲಿ ತೆರೆದು ಉಳಿಸಬೇಡಿ. 91 ಸೇರಿದ 12 ಅಂಕಿಯ ನಂಬರನ್ನು ಎಕ್ಸೆಲ್ ಒಂದು ದೊಡ್ಡ ಸಂಖ್ಯೆ ಎಂದುಕೊಂಡು ಮೊಟಕುಗೊಳಿಸಿ ತೋರಿಸುತ್ತದೆ. ಹಾಗೇ ಉಳಿಸಿದರೆ ಕೊನೆಯ ಅಂಕಿಗಳು ಹೋದವೆಂದೇ ಲೆಕ್ಕ, ಮತ್ತೆ ಬಾರವು. ಕನ್ನಡದ ಹೆಸರುಗಳೂ ಅರ್ಥವಾಗದ ಚಿಹ್ನೆಗಳಾಗಬಹುದು.

‘ಕಂಪನಿಗಳು ನಮ್ಮ ಮಾಹಿತಿಯನ್ನು ನಮಗೆ ಕೊಡಲೇಬೇಕೆಂದು ಕಾನೂನಿಲ್ಲವೇ’ ಎಂದೂ ಕೇಳಿದ್ದೀರಿ. ಯುರೋಪಿನಲ್ಲಿ 2018ರ ಮೇ 25ರಿಂದ ಅಂಥ ಹಕ್ಕಿದೆ. ನಮ್ಮಲ್ಲಿ 2019ರ ದತ್ತಾಂಶ ಸಂರಕ್ಷಣಾ ಮಸೂದೆಯಲ್ಲಿ ಅದಿತ್ತು, 2023ರ ಕಾಯ್ದೆಯಲ್ಲಿ ಕೈಬಿಡಲಾಯಿತು. ಇದು ಇರಬೇಕಾಗಿತ್ತು ಎಂದೇ ನನ್ನ ಅಭಿಪ್ರಾಯ. ಆದರೂ ಗೂಗಲ್ 2011ರಿಂದ ನಮ್ಮ ಮಾಹಿತಿಯನ್ನು ಇಳಿಸಿಕೊಳ್ಳುವ ಟೇಕ್‌ಔಟ್ ಸೌಲಭ್ಯ ಕೊಟ್ಟಿದೆ, ಬಳಸಿಕೊಳ್ಳಿ.

ಸಮಯ ಮುಗಿಯುತ್ತಿದೆ, ಹಳೇ ಮೇಲ್ ಖಾತೆಯ ಬಗ್ಗೆ ಒಂದು ಮಾತು. ನಂಬರುಗಳು ಹೊಸ ಖಾತೆಗೆ ಬಂದವೆಂದು ಹಳೆಯದನ್ನು ಅಂದೇ ಮುಚ್ಚಬೇಡಿ. ಬ್ಯಾಂಕು, ವಿಮೆ, ತೆರಿಗೆ ಇಲಾಖೆ ಎಲ್ಲೆಲ್ಲಿ ಆ ವಿಳಾಸ ಕೊಟ್ಟಿದ್ದೀರೋ ಅಲ್ಲೆಲ್ಲ ಬದಲಿಸಿ, ಪಾಸ್‌ವರ್ಡ್ ಮರೆತಾಗ ಬರುವ ಮೇಲ್ ಹೊಸ ವಿಳಾಸಕ್ಕೆ ಬರುತ್ತದೆಯೇ ಪರೀಕ್ಷಿಸಿ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು. ಆದ್ದರಿಂದ ಆ ಕೆಲಸ ಮುಗಿಯುವವರೆಗೆ ಆಗಾಗ ಅದಕ್ಕೆ ಲಾಗಿನ್ ಆಗುತ್ತಿರಿ.