ಹದ್ದಿನ ಹದ್ದು

ನಮ್ಮ ಭಾಷೆಯಲ್ಲಿ ‘ಹದ್ದು’ ಎಂಬ ಮಾತು ಎರಡುಂಟು. ಒಂದು, ಆಕಾಶದಲ್ಲಿ ಸುತ್ತುವ ಹಕ್ಕಿ. ಹಳಗನ್ನಡದ ‘ಪರ್ದು’ ಸವೆದು ಹದ್ದಾಯಿತು, ತಮಿಳಿನ ‘ಪರುಂದು’ ಅದರ ಸೋದರ. ಇನ್ನೊಂದು, ಅರಬ್ಬಿಯಿಂದ ಹೊರಟು ಕಂದಾಯ ಕಚೇರಿಯ ದಾರಿಯಾಗಿ ಬಂದು ನಮ್ಮಲ್ಲಿ ನೆಲೆಸಿದ ಮಾತು. ಎಲ್ಲೆ, ಮೇರೆ ಎಂದು ಅದರ ಅರ್ಥ. ಸರಹದ್ದು, ಹದ್ದುಬಸ್ತು, ಹದ್ದು ಮೀರಿದ ನಡತೆ ಇವೆಲ್ಲ ಅದರ ಬಳಗ. ತರಗತಿಯಲ್ಲಿ ಈ ಎರಡನ್ನೂ ಬಿಡಿಸಿ ತೋರಿಸುವುದು ನನಗೆ ಪ್ರಿಯವಾದ ಕೆಲಸವಾಗಿತ್ತು. ಆದರೆ ಅವೆರಡೂ ಒಂದೇ ನಿವೇಶನದಲ್ಲಿ ಎದುರುಬದುರಾಗಿ ನಿಂತುದನ್ನು ನಾನು ಕಂಡದ್ದು ನಿವೃತ್ತನಾದ ಮೇಲೆ.

ಬೆಂಗಳೂರಿನಲ್ಲಿ ನಮ್ಮ ಮನೆಗೆ ಒತ್ತಿಕೊಂಡಂತೆ ಒಂದು ಖಾಲಿ ನಿವೇಶನವಿತ್ತು. ಅದರ ಮೂಲೆಯಲ್ಲಿ ಎತ್ತರವಾದ ಒಂದು ಸಿಲ್ವರ್ ಓಕ್ ಮರ. 2019ರ ಜನವರಿಯಲ್ಲಿ ಒಂದು ಜೋಡಿ ಹದ್ದು ಅದರ ಕವಲಿನಲ್ಲಿ ಗೂಡು ಕಟ್ಟತೊಡಗಿತು. ಹದ್ದಿನ ಗೂಡಿನಲ್ಲಿ ಗೀಜಗನ ಕುಶಲತೆಯನ್ನು ಹುಡುಕಬಾರದು. ಒಣ ಕಡ್ಡಿಗಳ ಅಟ್ಟಣೆ, ಒಳಗೆ ಚಿಂದಿ ಬಟ್ಟೆ, ತಂತಿಯ ತುಂಡು, ಪ್ಲಾಸ್ಟಿಕ್ ಹಾಳೆ. ನಗರ ಬಿಸುಟದ್ದೆಲ್ಲ ಅಲ್ಲಿ ತೊಟ್ಟಿಲಾಗುತ್ತದೆ. ಹೆಣ್ಣು ಕಾವಿಗೆ ಕುಳಿತರೆ ಗಂಡು ಇಲಿಯನ್ನೋ ಮಾಂಸದಂಗಡಿಯ ಬಳಿ ಸಿಕ್ಕ ಚೂರನ್ನೋ ತಂದು, ನಡುಗುವ ಸಿಳ್ಳಿನಂಥ ದನಿಯಲ್ಲಿ ಕೂಗುತ್ತದೆ. ಬೆಳಗಿನ ಕಾಫಿಯ ಹೊತ್ತಿಗೆ ನನಗೆ ಆ ಕೂಗು ಬೇಕೇ ಬೇಕೆಂಬಷ್ಟು ರೂಢಿಯಾಯಿತು. ನನ್ನ ಹೆಂಡತಿಗೆ ಮಾತ್ರ ಮಹಡಿಯ ಮೇಲೆ ಸಂಡಿಗೆ ಒಣಗಿಸಲಾಗದ ಸಂಕಟ. ಮರಿಯಿರುವ ಕಾಲದಲ್ಲಿ ಹತ್ತಿರ ಸುಳಿದವರ ತಲೆಗೇ ಎರಗುವ ಹಕ್ಕಿ ಅದು. ಅವಳ ದೂರಿನಲ್ಲಿ ಸುಳ್ಳೇನೂ ಇರಲಿಲ್ಲ.

ಫೆಬ್ರವರಿಯಲ್ಲಿ ನಿವೇಶನಕ್ಕೆ ಸರ್ವೆಯವರು ಬಂದರು. ಹದ್ದುಬಸ್ತಾಯಿತು, ನಾಲ್ಕು ಮೂಲೆಗೂ ಕಲ್ಲು ಬಿತ್ತು. ನಾನು ಮಹಡಿಯಿಂದ ನೋಡುತ್ತಿದ್ದೆ. ಗೂಡಿನ ಸಂಗತಿಯನ್ನು ಹೇಳಬೇಕೆನಿಸಿತು. ಬೇರೆಯವರ ಆಸ್ತಿಯ ವಿಷಯದಲ್ಲಿ ನಾನೇಕೆ ಬಾಯಿ ಹಾಕಲಿ ಎಂದು ಸುಮ್ಮನಾದೆ. ಮಾರ್ಚ್ ತಿಂಗಳ ಒಂದು ಬೆಳಗ್ಗೆ ಮರ ಉರುಳಿತು. ಎರಡು ಮರಿಗಳಲ್ಲಿ ಒಂದು ಕೊಂಬೆಯಡಿ ಸಿಕ್ಕಿ ಸತ್ತಿತ್ತು. ಇನ್ನೊಂದನ್ನು ಕೆಲಸದ ಹೆಂಗಸೊಬ್ಬಳು ಸಿಮೆಂಟಿನ ಬಾಂಡ್ಲಿಯಲ್ಲಿಟ್ಟುಕೊಂಡು ನಮ್ಮ ಗೇಟಿನ ಬಳಿ ಬಂದು, “ಯಜಮಾನ್ರೆ, ಇದಕ್ಕೆ ಏನು ಕೊಡೋದು?” ಎಂದು ಕೇಳಿದಳು. ನನಗೆ ತಿಳಿದಿರಲಿಲ್ಲ. ಹಕ್ಕಿಗಳ ಆರೈಕೆ ಮಾಡುವವರಿಗೆ ಫೋನು ಮಾಡಿ, ಅವರು ಬರುವಷ್ಟರಲ್ಲಿ ಅದೂ ಹೋಯಿತು.

ಸಂಜೆ ನಿವೇಶನದ ಯಜಮಾನರ ಬಳಿಗೆ ಸ್ವಲ್ಪ ಬಿರುಸಾಗಿಯೇ ಹೋದೆ. ಅವರು ಮರ ಕಡಿಯಲು ಪಡೆದ ಅನುಮತಿ ಪತ್ರವನ್ನು ತೋರಿಸಿದರು. ಮರದ ಜಾತಿ, ಸುತ್ತಳತೆ ಎಲ್ಲ ಅದರಲ್ಲಿತ್ತು, ಗೂಡಿನ ಮಾತಿರಲಿಲ್ಲ. ಆಮೇಲೆ ಅವರೇ ಮೆಲ್ಲಗೆ, “ಮೇಷ್ಟ್ರೆ, ಒಂದು ಮಾತು ಮೊದಲೇ ಹೇಳಬಾರದಿತ್ತೆ? ಆ ಮೂಲೆಯ ಕೆಲಸವನ್ನು ಮೇ ತಿಂಗಳಿಗೆ ಇಟ್ಟುಕೊಳ್ಳುತ್ತಿದ್ದೆ” ಎಂದರು. ನಾನು ಉತ್ತರ ಕೊಡಲಿಲ್ಲ. ಹದ್ದುಗಳು ಇನ್ನೆರಡು ದಿನ ಇಲ್ಲದ ಮರದ ಸುತ್ತ ಸುತ್ತಿದವು.

ಆ ಮೇಲೆ ಕಾನೂನಿನ ಪುಸ್ತಕವನ್ನು ತೆರೆದು ನೋಡಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಮಾತಿಗೆ ಕೊಟ್ಟಿರುವ ಅರ್ಥ ನಿಘಂಟುಕಾರನನ್ನೂ ಬೆರಗುಗೊಳಿಸುವಂಥದು. ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲ. ಕಾಡುಹಕ್ಕಿಯ ಮೊಟ್ಟೆಯನ್ನಾಗಲಿ ಗೂಡನ್ನಾಗಲಿ ಕದಲಿಸುವುದೂ ಅಲ್ಲಿ ಬೇಟೆಯೇ. ಕೋವಿ ಹಿಡಿದವನಷ್ಟೇ ಬೇಟೆಗಾರನೆಂದುಕೊಂಡಿದ್ದ ನನಗೆ, ಗರಗಸ ಹಿಡಿದವನೂ ಅದನ್ನು ಹಿಡಿಸಿದವನೂ ಆ ಸಾಲಿಗೆ ಬರಬಹುದೆಂದು ಆಗ ತಿಳಿಯಿತು. ನೋಡುತ್ತ ನಿಂತವನ ವಿಷಯವನ್ನು ಕಾಯ್ದೆ ಹೇಳುವುದಿಲ್ಲ.

ಕೆಡವಿದ ಗೂಡನ್ನು ಮತ್ತೆ ಕಟ್ಟಿಕೊಟ್ಟರೆ ಸರಿಹೋಗದೆ ಎಂದು ಕೇಳುವವರುಂಟು. ನ್ಯೂಯಾರ್ಕ್ ನಗರದಲ್ಲಿ ಹಾಗೆ ಮಾಡಿ ನೋಡಿದ್ದಾರೆ. ಅಲ್ಲಿನ ಸೆಂಟ್ರಲ್ ಪಾರ್ಕಿನ ಎದುರಿಗೆ, ಫಿಫ್ತ್ ಅವೆನ್ಯೂದ ಒಂದು ಸಿರಿವಂತ ವಸತಿ ಕಟ್ಟಡದ ಮೇಲೆ ಕೆಂಪು ಬಾಲದ ಗಿಡುಗವೊಂದು ವರ್ಷಗಳ ಕಾಲ ಗೂಡು ಮಾಡಿಕೊಂಡಿತ್ತು. ಜನ ಅದಕ್ಕೆ ‘ಪೇಲ್ ಮೇಲ್’ ಎಂದು ಹೆಸರಿಟ್ಟಿದ್ದರು. 2004ರ ಡಿಸೆಂಬರಿನಲ್ಲಿ ಕಟ್ಟಡದವರು ಗೂಡನ್ನು ಕಿತ್ತು ಹಾಕಿದಾಗ ಜನ ಬೀದಿಗಿಳಿದರು. ತಿಂಗಳೊಳಗೆ ಉಕ್ಕಿನ ಆಸರೆಯನ್ನು ಕೂಡಿಸಿ ಆ ಜಾಗವನ್ನು ಹಿಂದಿರುಗಿಸಲಾಯಿತು. ಹಕ್ಕಿಗಳು ಮರಳಿದವು, ಮೊಟ್ಟೆಯನ್ನೂ ಇಟ್ಟವು. ಆದರೆ ಮುಂದಿನ ಹಲವು ವರ್ಷ ಆ ಗೂಡಿನಲ್ಲಿ ಮೊಟ್ಟೆಯೊಡೆದು ಮರಿಯಾಗಲಿಲ್ಲ.

ಹದ್ದು ಕೇಳುವುದು ನಮ್ಮ ಜಾಗವನ್ನಲ್ಲ, ಕಾಲವನ್ನು. ಕಾವಿಗೆ ಒಂದು ತಿಂಗಳು. ಮರಿಗೆ ರೆಕ್ಕೆ ಬಲಿಯಲು ಒಂದೂವರೆ ತಿಂಗಳೋ ತುಸು ಹೆಚ್ಚೋ. ಹಾರಿದ ಮೇಲೂ ಕೆಲವು ವಾರ ಅದು ತಾಯಿತಂದೆಯರ ತುತ್ತನ್ನೇ ನೆಚ್ಚಿರುತ್ತದೆ. ಮನೆ ಕಟ್ಟಲು ಎರಡು ವರ್ಷ ಹಿಡಿಯುವ ನಮ್ಮ ಲೆಕ್ಕದಲ್ಲಿ ಇದೇನು ದೊಡ್ಡ ಅವಧಿಯಲ್ಲ. ಕೊಡಲಿ ಇಡುವ ಮುನ್ನ ಒಮ್ಮೆ ತಲೆಯೆತ್ತಿ ನೋಡುವುದು. ಗೂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ಕೆಲಸವನ್ನು ನಿವೇಶನದ ಇನ್ನೊಂದು ತುದಿಯಿಂದ ತೊಡಗುವುದು. ಕ್ರೇನನ್ನೂ ಕಾಂಕ್ರೀಟು ಕಲಸುವ ಯಂತ್ರವನ್ನೂ ಮರದಿಂದ ದೂರ ನಿಲ್ಲಿಸುವುದು. ಮರಿ ಬೆಳೆದು ಹೋದ ಮೇಲೆ ಆ ಮೂಲೆಗೆ ಬರುವುದು. ಬಿದ್ದ ಮರಿಗೆ ಹಾಲು ಹೊಯ್ಯುವ ಕರುಣೆ ಮಾತ್ರ ಬೇಡ.

ಈ ವರ್ಷ ನಮ್ಮ ಬೀದಿಯ ಕೊನೆಯಲ್ಲಿ ಇನ್ನೊಂದು ಕಟ್ಟಡ ಏಳುತ್ತಿದೆ. ಅದರ ಬೇಲಿಯ ಬಳಿಯ ಮಳೆಮರದಲ್ಲಿ ಒಂದು ಗೂಡಿದೆ. ಈ ಸಲ ನಾನೇ ಹೋಗಿ ಅಲ್ಲಿನ ಎಂಜಿನಿಯರ್ ಹುಡುಗನನ್ನು ಮಾತನಾಡಿಸಿದೆ. ಮುದುಕನೊಬ್ಬ ಹದ್ದಿನ ಪರವಾಗಿ ಬಂದನೆಂದು ಅವನಿಗೆ ನಗೆ ಬಂದಿರಬೇಕು. ಆದರೂ ನನ್ನ ಜೊತೆ ಮರದಡಿಗೆ ಬಂದು, ಟೋಪಿ ಹಿಡಿದುಕೊಂಡು ಮೇಲೆ ನೋಡಿದ. ಆಮೇಲೆ ಕಿಸೆಯಿಂದ ಡೈರಿ ತೆಗೆದು ಕೇಳಿದ: “ಯಾವ ತಾರೀಖಿಗೆ ಹಾರ್ತವೆ ಸಾರ್? ಯಂತ್ರದ ಬಾಡಿಗೆಯವರಿಗೆ ದಿನ ಹೇಳಬೇಕು.”

ತಾರೀಖನ್ನು ನಾನು ಹೇಗೆ ಹೇಳಲಿ? ಏಪ್ರಿಲ್ ಮುಗಿಯಲಿ ಎಂದೆ. ಅವನು ಹಾಗೆಯೇ ಬರೆದುಕೊಂಡ.