ಮುದಿ ಕುದುರೆಯ ಗೊರಸುಬೇನೆ: ಅಲ್ಪವೆಚ್ಚದ ಆರೈಕೆ

(ಸಖರಾಯಪಟ್ಟಣದ ಸುತ್ತಣ ಹಿಡುವಳಿದಾರರನ್ನೂ ಗ್ರಾಮದ ಮುಖಂಡರನ್ನೂ ಉದ್ದೇಶಿಸಿದ ಉಪನ್ಯಾಸ)



ಕಡೂರು ಸೀಮೆಯು ದನಗಳ ಪಾಲನೆಗೆ ಹಿಂದಿನಿಂದಲೂ ಹೆಸರಾದುದು. ಅಜ್ಜಂಪುರ, ಬೀರೂರುಗಳ ಅಮೃತಮಹಲ್ ಕಾವಲುಗಳನ್ನು ಅರಿಯದ ರೈತರು ಇಲ್ಲಿಲ್ಲ. ಎತ್ತಿನ ಹಲ್ಲನ್ನೂ ಗೊರಸನ್ನೂ ನೋಡಿ ಅದರ ಗುಣದೋಷಗಳನ್ನು ಹೇಳಬಲ್ಲ ಹಿರಿಯರು ಹಲವರುಂಟು. ಕುದುರೆಯ ವಿಷಯದಲ್ಲಿಯಾದರೋ ಅಷ್ಟು ಅನುಭವವಿಲ್ಲ. ಮದುವೆಯ ಮೆರವಣಿಗೆಗೋ ಜಾತ್ರೆಯ ಉತ್ಸವಕ್ಕೋ ಸಾಕಿದ ಕುದುರೆಗೆ ವಯಸ್ಸಾಗಿ ಕೆಲಸ ತಪ್ಪಿದ ಮೇಲೆ, ಅದನ್ನು ಕೆರೆಯಂಗಳದ ಹಸಿರಿಗೆ ಬಿಡುವುದುಂಟು. ಇಲ್ಲವೆ, ದುಡಿದ ಪ್ರಾಣಿಯೆಂಬ ಕನಿಕರದಿಂದ ಮನೆಯ ಮುಂದೆ ಕಟ್ಟಿ ಹುರುಳಿ, ರಾಗಿ, ಬೆಲ್ಲಗಳನ್ನು ತಿನ್ನಿಸುವುದುಂಟು. ಗೊರಸುಬೇನೆಯ ಕುದುರೆಗೆ ಇವೆರಡೂ ಅಪಾಯಕರ. ಅದಕ್ಕೆ ಬೇಕಾದುದು ಹೆಚ್ಚು ಹಣವಲ್ಲ. ತೂಗಿ ಹಾಕಿದ ಒಣಹುಲ್ಲು, ಮೆತ್ತಗಿನ ನೆಲ, ತಪ್ಪದ ನಿಗಾ.

ರೋಗದ ಸ್ವರೂಪ

ಕುದುರೆಯ ಗೊರಸಿನ ಗೋಡೆಗೂ ಒಳಗಣ ಮೂಳೆಗೂ ನಡುವೆ ಪುಸ್ತಕದ ಹಾಳೆಗಳಂತೆ ಹೆಣೆದುಕೊಂಡಿರುವ ಸೂಕ್ಷ್ಮ ಪದರಗಳುಂಟು. ಪ್ರಾಣಿಯ ಭಾರವೆಲ್ಲವೂ ಈ ಹೆಣಿಗೆಯ ಮೇಲೆ ತೂಗಿರುತ್ತದೆ. ಇವು ಕೆಟ್ಟು ಸಡಿಲಿಸಿದರೆ ಮೂಳೆಯು ಕೆಳಕ್ಕೆ ಕುಸಿಯುತ್ತದೆ, ಇಲ್ಲವೆ ತಿರುಗಿಕೊಳ್ಳುತ್ತದೆ. ಇದನ್ನೇ ಪಶುವೈದ್ಯರು ಲ್ಯಾಮಿನೈಟಿಸ್ ಎನ್ನುವರು. ರಾಗಿಯ ಕಣಕ್ಕೆ ನುಗ್ಗಿ ಹೊಟ್ಟೆ ತುಂಬ ಕಾಳು ತಿಂದ ಎತ್ತು ಹೊಟ್ಟೆ ಕೆಟ್ಟು ಕಾಲು ಕುಂಟುವುದನ್ನು ಕಂಡವರು ಇದನ್ನು ಸುಲಭವಾಗಿ ತಿಳಿಯಬಲ್ಲರು.

ಕಾಳಿನ ಅತಿಸೇವನೆಯೊಂದೇ ಇದಕ್ಕೆ ಕಾರಣವಲ್ಲ. ಕೊಬ್ಬಿದ ಕುದುರೆಯ ರಕ್ತದಲ್ಲಿ ಇನ್ಸುಲಿನ್ ಎಂಬ ರಸವು ಮಿತಿಮೀರಿ ಏರಿದರೂ ಗೊರಸು ಕೆಡುತ್ತದೆ. 15 ವರ್ಷ ಮೀರಿದ ಕುದುರೆಗಳಲ್ಲಿ ಮಿದುಳಿನ ಬುಡದಲ್ಲಿರುವ ಗ್ರಂಥಿಯ ವಿಕಾರದಿಂದಲೂ ಹೀಗಾಗುವುದುಂಟು. ಕಾಲಕ್ಕೆ ಉದುರದ ಉದ್ದ ಕೂದಲು ಇದರ ಗುರುತು. ಇದಕ್ಕೆ ರಕ್ತಪರೀಕ್ಷೆಯೂ ಔಷಧವೂ ಉಂಟು.

ಲಕ್ಷಣಗಳು

ಕುದುರೆಯು ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನು ಹಿಂದಕ್ಕೆ ಹಾಕಿ ನಿಲ್ಲುತ್ತದೆ. ಗಟ್ಟಿ ನೆಲದಲ್ಲಿ ತಿರುಗಲು ಹಿಂಜರಿಯುತ್ತದೆ. ಗೊರಸು ಬಿಸಿಯಾಗಿರುತ್ತದೆ; ಅದರ ಮೇಲಣ ಗಿಣ್ಣಿನ ಹಿಂಬದಿಯಲ್ಲಿ ಬೆರಳಿಟ್ಟರೆ ನಾಡಿಯು ಬಲವಾಗಿ ಮಿಡಿಯುತ್ತದೆ. ಹಳೆಯ ರೋಗವಾದರೆ ಗೊರಸಿನ ಮೇಲೆ ಬಳೆಗಳಂತಹ ಗೆರೆಗಳು ಮೂಡಿ, ಹಿಮ್ಮಡಿಯ ಕಡೆಗೆ ಅಗಲವಾಗಿರುತ್ತವೆ. ಕತ್ತಿನ ಮೇಲೆ ಗಟ್ಟಿಯಾದ ಕೊಬ್ಬಿನ ದಿಂಡು ಬೆಳೆದ ಕುದುರೆಯನ್ನು ರೋಗ ಬರುವ ಮೊದಲೇ ಜೋಪಾನ ಮಾಡತಕ್ಕದ್ದು.

ಒಡನೆ ಮಾಡಬೇಕಾದುದು

ಬೇನೆ ಬಂದ ಕುದುರೆಯನ್ನು ನಡೆಸಿದರೆ ರಕ್ತ ಓಡಾಡಿ ಗುಣವಾಗುವುದೆಂಬ ನಂಬಿಕೆಯು ತಪ್ಪು. ಒಂದೊಂದು ಹೆಜ್ಜೆಯೂ ಸಡಿಲವಾದ ಪದರಗಳನ್ನು ಹರಿಯುತ್ತದೆ. ಆದ್ದರಿಂದ ಅದನ್ನು ನೀರಿಗಾಗಿ ಕೆರೆಗೆ ಹೊಡೆದುಕೊಂಡು ಹೋಗಕೂಡದು. ನಿಂತಲ್ಲಿಯೇ ಒಂದು ಗೇಣು ದಪ್ಪ ಮರಳು ಹರಡಬೇಕು. ಕಾಳನ್ನೂ ಹಸಿಹುಲ್ಲನ್ನೂ ಪೂರ್ತಿ ನಿಲ್ಲಿಸಬೇಕು. ಮೊದಲ ಎರಡು ಮೂರು ದಿನ ಗೊರಸುಗಳನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಇಟ್ಟರೆ ಉರಿಯು ತಗ್ಗುತ್ತದೆ. ಪಶುವೈದ್ಯರನ್ನು ಅದೇ ದಿನ ಕರೆಸಬೇಕು. 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಚಿಕಿತ್ಸಾಲಯದ ನೆರವು ದೊರೆಯುತ್ತದೆ. ಹೆಚ್ಚಿನ ಪರೀಕ್ಷೆಗೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ನೋವಿನ ಔಷಧವನ್ನು ವೈದ್ಯರ ಮಾತಿನಂತೆಯೇ ಕೊಡತಕ್ಕದ್ದು.

ಮೇವಿನ ಲೆಕ್ಕ

ಮೊದಲು ಕುದುರೆಯ ತೂಕವನ್ನು ತಿಳಿಯಬೇಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಸುಮಾರು ತೂಕವು ಕಿಲೋಗಳಲ್ಲಿ ಬರುತ್ತದೆ. ಸುತ್ತಳತೆ 150, ಉದ್ದ 140 ಆದರೆ ತೂಕ ಸುಮಾರು 265 ಕಿಲೋ.

ಕೊಬ್ಬಿದ ಕುದುರೆಗೆ ದಿನಕ್ಕೆ ತೂಕದ ನೂರಕ್ಕೆ ಒಂದೂವರೆ ಪಾಲು ಒಣಮೇವು ಸಾಕು. ಮೇಲಿನ ಕುದುರೆಗೆ 4 ಕಿಲೋ. ಇದನ್ನು ಮೂರು ನಾಲ್ಕು ಸಲಕ್ಕೆ ಹಂಚಿ ಹಾಕಬೇಕು. ಬೇಗ ಇಳಿಯಲೆಂದು ಉಪವಾಸ ಕೆಡವಕೂಡದು. ಹಾಗೆ ಮಾಡಿದರೆ ಕೊಬ್ಬು ರಕ್ತಕ್ಕೆ ಇಳಿದು ಪ್ರಾಣಕ್ಕೇ ಮುಳುವಾಗಬಹುದು. ಹುಲ್ಲನ್ನು ಒಂದು ಗಂಟೆ ತಣ್ಣೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಿ ಹಾಕಿದರೆ ಸಕ್ಕರೆಯ ಅಂಶವು ಸ್ವಲ್ಪ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ನೆನೆಸಿದರೆ ಹುಳಿಯುತ್ತದೆ. ಉಪ್ಪೂ ಖನಿಜ ಮಿಶ್ರಣವೂ ಶುದ್ಧವಾದ ನೀರೂ ಯಾವಾಗಲೂ ಇರಬೇಕು. ಹಲ್ಲು ಸವೆದಿದ್ದರೆ ಹುಲ್ಲನ್ನು ಸಣ್ಣಗೆ ಕತ್ತರಿಸಿ ಕೊಡಬೇಕು. ಮುದಿತನದಿಂದ ಬಡವಾದ ಕುದುರೆಗೆ ಈ ಮಿತಿಯು ಸಲ್ಲದು. ಅದರ ಮೇವನ್ನು ವೈದ್ಯರನ್ನು ಕೇಳಿ ಗೊತ್ತುಮಾಡಬೇಕು.

ಬಯಲಿನ ವಾಸ

ಕುದುರೆಯು ಬಯಲಿನಲ್ಲಿಯೇ ಇರಬಹುದು, ಆದರೆ ಹಸಿರಿನ ನಡುವೆ ಅಲ್ಲ. ಹೊಂಗೆಯ ನೆರಳಿರುವ, ಹುಲ್ಲಿಲ್ಲದ, ನೀರು ನಿಲ್ಲದ ಜಾಗಕ್ಕೆ ಬಿದಿರಿನ ಗಳುಗಳನ್ನು ಕಟ್ಟಿದರೆ ಅಂಗಳವಾಗುತ್ತದೆ. ಲಂಟಾನವೂ ಕಣಗಿಲೆಯೂ ವಿಷವಾದುದರಿಂದ ಬೇಲಿಗೆ ಕೂಡದು. ಬೇನೆಯು ಪೂರ್ಣ ಇಳಿದ ಮೇಲೆ ನೀರನ್ನು ಒಂದು ಕೊನೆಗೂ ಹುಲ್ಲನ್ನು ಇನ್ನೊಂದು ಕೊನೆಗೂ ಇಟ್ಟರೆ ಅದು ತಾನಾಗಿಯೇ ನಡೆದಾಡುತ್ತದೆ.

ಮಳೆ ಬಿದ್ದ ಮೇಲೆ ಅಯ್ಯನಕೆರೆಯ ಸುತ್ತ ಚಿಗುರುವ ಎಳೆಹುಲ್ಲು ಹಸುವಿಗೆ ಹಿತ, ಈ ಕುದುರೆಗೆ ಅಹಿತ. ಬಿಸಿಲಿನಲ್ಲಿ ಹುಲ್ಲು ಸಕ್ಕರೆಯನ್ನು ಕೂಡಿಸಿಕೊಳ್ಳುವುದರಿಂದ ಸಂಜೆಯ ಮೇವು ಹೆಚ್ಚು ಕೆಟ್ಟದು. ಗುಣವಾದ ಕುದುರೆಯನ್ನು ಮೇಯಿಸಲೇಬೇಕಾದರೆ ಮುಂಜಾನೆ ಸ್ವಲ್ಪ ಹೊತ್ತು ಮಾತ್ರ ಬಿಡಬೇಕು. ಎತ್ತುಗಳಿಗೆ ಕಟ್ಟುವ ಬಾಯಿಕುಕ್ಕೆಯ ತಳದಲ್ಲಿ ಸಣ್ಣ ಕಿಂಡಿ ಮಾಡಿ ಮೂತಿಗೆ ಕಟ್ಟಬೇಕು. ಅದರಿಂದ ಉಸಿರಿಗೂ ನೀರು ಕುಡಿಯುವುದಕ್ಕೂ ತಡೆಯಾಗಬಾರದು.

ಗೊರಸಿನ ಪೋಷಣೆ

ಆರು ವಾರಕ್ಕೊಮ್ಮೆ ಗೊರಸು ಕೊಯ್ಯಿಸುವುದರಲ್ಲಿ ಜಿಪುಣತನ ಸಲ್ಲದು. ಮುಂತುದಿ ಉದ್ದವಾದಷ್ಟೂ ಪದರಗಳ ಮೇಲೆ ಎಳೆತ ಹೆಚ್ಚು. ಎತ್ತಿಗೆ ಲಾಳ ಕಟ್ಟುವ ಕೈಗೆ ಕುದುರೆಯ ಗೊರಸಿನ ಅಭ್ಯಾಸವಿರಬೇಕೆಂದಿಲ್ಲ, ಬಲ್ಲವರನ್ನೇ ಹುಡುಕಬೇಕು. ಕಾಳು ಬೆಲ್ಲಗಳಲ್ಲಿ ಉಳಿದ ಹಣವನ್ನು ಇದಕ್ಕೆ ಹಾಕುವುದು ಲೇಸು.

ಇಷ್ಟೆಲ್ಲ ಮಾಡಿದರೂ ಮೂಳೆಯು ಅಂಗಾಲನ್ನು ತೂರಿ ಹೊರಬಂದು, ನೋವು ಇಳಿಯದೆ, ಪ್ರಾಣಿಯು ಏಳಲಾರದೆ ಹೋಗುವುದುಂಟು. ಆಗ ವೈದ್ಯರು ನೋವಿಲ್ಲದ ಮರಣವನ್ನು ಸೂಚಿಸಿದರೆ ಅದನ್ನು ಕ್ರೌರ್ಯವೆಂದು ಭಾವಿಸಲಾಗದು. ಅಂತಹ ಕುದುರೆಯನ್ನು ಊರಾಚೆ ಅಟ್ಟಿಬಿಡುವುದೇ ನಿಜವಾದ ಕ್ರೌರ್ಯ.

ಗ್ರಾಮದ ಮುಖಂಡರಿಂದ ಆಗಬೇಕಾದ ಕೆಲಸವೊಂದುಂಟು. ಉತ್ಸವದ ದಿನ ಕುದುರೆಗೆ ಬೆಲ್ಲ, ಬಾಳೆಹಣ್ಣು, ನೆನೆಸಿದ ಕಡಲೆಗಳನ್ನು ಪ್ರತಿ ಮನೆಯವರೂ ತಂದೊಡ್ಡುವರು. ಒಂದೊಂದು ಕೈಯಿಂದ ಬಂದದ್ದು ಅಲ್ಪವಾದರೂ ಊರಿನ ಕೈಗಳೆಲ್ಲ ಸೇರಿದರೆ ಅದು ಬೇನೆಯನ್ನು ತರುವಷ್ಟಾಗುತ್ತದೆ. ಒಡೆಯನೊಬ್ಬನೇ ತಡೆದರೆ ಜನರು ಮುನಿಯುವರು. ಹಿರಿಯರು ಮುಂಚಿತವಾಗಿ ತಿಳಿಯಹೇಳಿದರೆ ಕೇಳುವರು. ಭಕ್ತಿಯಿಂದ ಕೊಡಬೇಕೆನ್ನುವವರು ಒಂದು ಹೊರೆ ಒಣಹುಲ್ಲನ್ನು ಒಡೆಯನ ಮನೆಗೆ ಮುಟ್ಟಿಸಲಿ.