ವಾರಕ್ಕೊಂದು ಗಂಟೆ, ಮಾತು ತಪ್ಪದೆ

(ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ದೆಹಲಿಯ ಲಾಜಪತ್ ನಗರ, ಭೋಗಲ್ ಕಡೆ ಊರು ಬಿಟ್ಟು ಬಂದ ಆಫ್ಘನ್ ಕುಟುಂಬಗಳಿವೆ. 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲನ್ನು ಹಿಡಿಯಿತು. ಆಮೇಲೆ ಅಲ್ಲಿ ಆರನೇ ತರಗತಿ ದಾಟಿದ ಹುಡುಗಿಯರಿಗೆ ಶಾಲೆ ಮುಚ್ಚಿತು. 2022ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯವೂ ಮುಚ್ಚಿತು. ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ಕೊಡುವ ಕಾರ್ಡೇ ಇವರ ಗುರುತು. ಆದರೆ ಅದನ್ನು ತೋರಿಸಿದರೆ ಎಲ್ಲ ಕಡೆ ಕೆಲಸ ಆಗೋದಿಲ್ಲ.

ನಾನು ಅಲ್ಲಿದ್ದಾಗ ಹದಿನಾರು ವರ್ಷದ ಹುಡುಗಿಯೊಬ್ಬಳಿಗೆ ಹಿಂದಿ ಕಲಿಸಲು ಸ್ವಯಂಸೇವಕಿಯಾಗಿ ಹೋಗುತ್ತಿದ್ದೆ. ಮೊದಲ ದಿನವೇ, "ಅಪ್ಪ ಎಲ್ಲಿ?" ಅಂತ ಕೇಳಿಬಿಟ್ಟೆ. ಹುಡುಗಿ ತಲೆ ಬಗ್ಗಿಸಿದಳು. ಮುಂದಿನ ವಾರ ಬರಲೇ ಇಲ್ಲ. ತಪ್ಪು ನನ್ನದೇ. ಆದರೂ ಪ್ರತಿ ಶನಿವಾರ ಅದೇ ಹೊತ್ತಿಗೆ ಹೋಗಿ ಕೂತೆ. ನಾಲ್ಕನೇ ವಾರ ಬಂದಳು. ಬಸ್ಸಿನ ಬೋರ್ಡು, ಆಸ್ಪತ್ರೆ ಚೀಟಿ ಓದುತ್ತಾ ಹಿಂದಿ ಕಲಿತಳು. ನನಗೆ ದರಿ ಭಾಷೆಯಲ್ಲಿ 'ತಶಕ್ಕೂರ್', ಅಂದರೆ ಧನ್ಯವಾದ, ಹೇಳಿಕೊಟ್ಟಳು. ಅಪ್ಪನ ವಿಷಯ ಎಷ್ಟೋ ತಿಂಗಳ ಮೇಲೆ ತಾನಾಗೇ ಹೇಳಿದಳು. ನಾನು ಸುಮ್ಮನೆ ಕೇಳಿದೆ.

ಅವಳಿಂದ ನಾನು ಕಲಿತದ್ದು ಇಷ್ಟು:

ಹಳೆಯ ನೋವನ್ನು ಕೆದಕಬಾರದು.
ಹೇಳಿದ ಹೊತ್ತಿಗೆ ತಪ್ಪದೆ ಹೋಗಬೇಕು.
ದುಡ್ಡು, ವೀಸಾ ಕೊಡಿಸ್ತೀನಿ ಅಂತ ಆಸೆ ಹುಟ್ಟಿಸಬಾರದು.
ಮಕ್ಕಳನ್ನು ನಾಲ್ಕು ಜನ ಇರುವ ಕಡೆಯೇ ಭೇಟಿಯಾಗಬೇಕು.
ದೊಡ್ಡ ತೊಂದರೆ ಕಂಡರೆ ಕಳಿಸಿದ ಸಂಸ್ಥೆಗೆ ತಿಳಿಸಬೇಕು.

ಅಕ್ಕಂದಿರೇ, ವಾರದ ಸಭೆಗೆ ತಪ್ಪದೆ ಬರುವುದರ ಬೆಲೆ ನಿಮಗೆ ಗೊತ್ತು. ಹತ್ತು ರೂಪಾಯಿ ಉಳಿತಾಯದ ಜೊತೆ ನಿಮ್ಮ ನಡುವೆ ನಂಬಿಕೆ ಬೆಳೆದದ್ದೂ ಹಾಗೇ ಅಲ್ಲವೇ? ಊರು ಕಳಕೊಂಡ ಮಗುವಿಗೆ ಬೇಕಾದದ್ದೂ ಅದೇ, ಹೇಳಿದ ದಿನ ಬಂದು ಕೂರುವ ಒಬ್ಬರು.